ಮೂಳೆ ಮುರಿಯಿತು ಸರಿ, ಯಾಕೆ ಮುರಿಯಿತು?

ಮಳೆಗಾಲದಲ್ಲಿ ನಮ್ಮ ಊರುಗಳಲ್ಲಿ ಆಗಾಗ ಕಿವಿಗೆ ಬೀಳುವ ಸುದ್ದಿ ಇದು. ಅಂಗಳದ ಪಾಚಿಯ ಮೇಲೆ ಕಾಲು ಜಾರಿ ಯಾರದೋ ಮನೆಯ ಅಜ್ಜಿ ಬಿದ್ದರು. ಬೀಳುವಾಗ ಕೈ ಊರಿದರು. ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿ, ಪ್ಲಾಸ್ಟರ್ ಹಾಕಿಸಿ ಮನೆಗೆ ತಂದರು. ಆರು ವಾರ ಕಳೆದ ಮೇಲೆ ಪ್ಲಾಸ್ಟರ್ ಬಿಚ್ಚಿದರು. "ಸದ್ಯ, ಕೈಗೇ ಹೋಯಿತು, ದೇವರು ದೊಡ್ಡವನು" ಎಂದು ಮನೆಯವರು ಸಮಾಧಾನ ಪಟ್ಟುಕೊಂಡರು. ಅಜ್ಜಿ ಮತ್ತೆ ಹೂ ಕಟ್ಟಲು ಕುಳಿತರು.

ಎಲ್ಲ ಸರಿಯಾಯಿತು ಅನ್ನಿಸುತ್ತದೆ ಅಲ್ಲವೇ? ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಅಜ್ಜಿ ಮರದಿಂದ ಬಿದ್ದಿರಲಿಲ್ಲ, ಮಹಡಿಯಿಂದ ಉರುಳಿರಲಿಲ್ಲ. ನಿಂತ ನಿಲುವಿನಿಂದ ನೆಲಕ್ಕೆ ಬಿದ್ದರು, ಅಷ್ಟೇ. ಅಷ್ಟಕ್ಕೆ ದೊಡ್ಡವರ ಗಟ್ಟಿ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ. ಹಾಗಾದರೆ ಇದು ಯಾಕೆ ಮುರಿಯಿತು?

ಈ ಪ್ರಶ್ನೆಯನ್ನು ಮೊದಲ ಮುರಿತದ ದಿನವೇ ಕೇಳಿದರೆ ಎರಡನೆಯ, ಮೂರನೆಯ ಮುರಿತವನ್ನು ಎಷ್ಟೋ ಮನೆಗಳಲ್ಲಿ ತಪ್ಪಿಸಬಹುದು. ಅದಕ್ಕೆ ದೊಡ್ಡ ನಗರದ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ನಮ್ಮ ಬೀದಿಯ ಡಾಕ್ಟರು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಮನೆಯ ಮೊಮ್ಮಕ್ಕಳು ಸೇರಿದರೆ ಬಹುಪಾಲು ಕೆಲಸ ಮುಗಿಯುತ್ತದೆ.

ಒಳಗೆ ನಡೆಯುವ ಕಟ್ಟಡ ಕೆಲಸ

ಮಕ್ಕಳೇ, ಮೂಳೆ ಎಂದರೆ ಒಣಗಿದ ಕಟ್ಟಿಗೆಯ ಹಾಗೆ ಎಂದು ನೀವು ತಿಳಿದಿರಬಹುದು. ಹಾಗಲ್ಲ. ಅದು ಜೀವಂತ ವಸ್ತು. ಅದರೊಳಗೆ ಹಗಲೂ ರಾತ್ರಿ ಎರಡು ತಂಡಗಳು ಕೆಲಸ ಮಾಡುತ್ತಿರುತ್ತವೆ. ಒಂದು ತಂಡ ಹಳೆಯ ಮೂಳೆಯನ್ನು ಕೆಡವುತ್ತದೆ, ಇನ್ನೊಂದು ತಂಡ ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಹೀಗೆ ಸುಮಾರು 10 ವರ್ಷಕ್ಕೊಮ್ಮೆ ದೊಡ್ಡವರ ಅಸ್ಥಿಪಂಜರ ಬಹುಮಟ್ಟಿಗೆ ಹೊಸದಾಗುತ್ತದೆ.

ಚಿಕ್ಕವರಿದ್ದಾಗ ಕಟ್ಟುವ ತಂಡದ ಕೈ ಮೇಲು. ಸುಮಾರು 30ರ ಹೊತ್ತಿಗೆ ಎರಡೂ ಸಮ. ಆಮೇಲೆ ನಿಧಾನವಾಗಿ ಕೆಡವುವ ತಂಡ ಮುಂದಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಬಳಿಕ ಮೂಳೆಯನ್ನು ಕಾಯುತ್ತಿದ್ದ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗುವುದರಿಂದ ಈ ನಷ್ಟ ಕೆಲವು ವರ್ಷ ಬಹಳ ವೇಗವಾಗಿ ನಡೆಯುತ್ತದೆ. ಕೊನೆಗೆ ಮೂಳೆಯ ಒಳಗಿನ ಜಾಲರಿ ತೆಳುವಾಗಿ, ಅಲ್ಲಲ್ಲಿ ಕಡಿದು, ಗೆದ್ದಲು ತಿಂದ ತೊಲೆಯಂತಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇದಕ್ಕೆ ವೈದ್ಯರು ಹೇಳುವ ಹೆಸರು ಆಸ್ಟಿಯೊಪೊರೋಸಿಸ್. ಗ್ರೀಕ್ ಭಾಷೆಯಲ್ಲಿ 'ಆಸ್ಟಿಯೋನ್' ಎಂದರೆ ಮೂಳೆ, 'ಪೋರೋಸ್' ಎಂದರೆ ರಂಧ್ರ.

ಇಲ್ಲೊಂದು ಗೊಂದಲ ಬಿಡಿಸಬೇಕು. ಮಂಡಿ ನೋವಿಗೆ ನಾವು "ಮೂಳೆ ಸವೆದಿದೆ" ಎನ್ನುತ್ತೇವೆ. ಅದು ಕೀಲಿನ ಸವೆತ, ಬೇರೆ ಕಾಯಿಲೆ. ಅದು ನೋಯುತ್ತದೆ. ಟೊಳ್ಳಾಗುವ ಮೂಳೆ ನೋಯುವುದಿಲ್ಲ. ಮುರಿಯುವ ದಿನದವರೆಗೂ ಅದು ಒಂದು ಮಾತೂ ಹೇಳುವುದಿಲ್ಲ. ಆದ್ದರಿಂದ "ನನಗೇನೂ ನೋವಿಲ್ಲ, ನನ್ನ ಮೂಳೆ ಗಟ್ಟಿ" ಎಂಬ ಅಜ್ಜನ ಮಾತನ್ನು ಪೂರ್ತಿ ನಂಬುವಂತಿಲ್ಲ!

ಹೌದು, ಅಜ್ಜನ ಮಾತೂ ಬಂತು. ಇದು ಹೆಂಗಸರ ಕಾಯಿಲೆ ಮಾತ್ರ ಅಲ್ಲ. ಜಗತ್ತಿನಲ್ಲಿ 50 ದಾಟಿದ 3 ಹೆಂಗಸರಲ್ಲಿ ಒಬ್ಬರಿಗೆ, 5 ಗಂಡಸರಲ್ಲಿ ಒಬ್ಬರಿಗೆ ಉಳಿದ ಬಾಳಿನಲ್ಲಿ ಇಂಥ ಮುರಿತ ಆಗುತ್ತದೆ ಎಂಬುದು ತಜ್ಞರ ಅಂದಾಜು.

ಒಂದು ಮುರಿತದ ಹಿಂದೆ ಇನ್ನೊಂದು

ಟೊಳ್ಳು ಮೂಳೆ ಹೆಚ್ಚಾಗಿ ಮುರಿಯುವುದು ಮೂರು ಕಡೆ: ಮಣಿಕಟ್ಟು, ಬೆನ್ನುಮೂಳೆ, ಸೊಂಟ. ಅನೇಕರಲ್ಲಿ ಮೊದಲು ಮುರಿಯುವುದು ಮಣಿಕಟ್ಟು. 50-60ರ ವಯಸ್ಸಿನಲ್ಲಿ ಜಾರಿದರೆ ಕೈ ಥಟ್ಟನೆ ಮುಂದೆ ಬರುತ್ತದೆ, ಅದಕ್ಕೇ ಪೆಟ್ಟು. ವಯಸ್ಸು ಇನ್ನೂ ಹೆಚ್ಚಿದಂತೆ ಕೈ ಅಷ್ಟು ಬೇಗ ಮುಂದೆ ಬರುವುದಿಲ್ಲ. ಪಕ್ಕಕ್ಕೆ ಕುಸಿದು ಬೀಳುತ್ತಾರೆ, ಪೆಟ್ಟು ಸೊಂಟಕ್ಕೆ.

ಬೆನ್ನುಮೂಳೆಯ ಕಥೆ ಬೇರೆ. ಅದು ಬೀಳದೆಯೂ ಮುರಿಯಬಹುದು. ತುಂಬಿದ ಕೊಡಪಾನ ಎತ್ತುವಾಗ, ಕೆಲವೊಮ್ಮೆ ಬರೀ ಬಗ್ಗಿದಾಗ, ಬೆನ್ನಿನ ಒಂದು ಮಣಿ ಒತ್ತಿಕೊಂಡು ಚಪ್ಪಟೆಯಾಗುತ್ತದೆ. "ಬೆನ್ನು ಹಿಡಿದುಕೊಂಡಿದೆ" ಎಂದು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಇಂಥ 3 ಮುರಿತಗಳಲ್ಲಿ ಸುಮಾರು 2 ಮುರಿತ ವೈದ್ಯರ ಗಮನಕ್ಕೆ ಬರುವುದೇ ಇಲ್ಲ. ಒಂದೊಂದೇ ಮಣಿ ಕುಸಿದಂತೆ ಅಜ್ಜಿ ಗಿಡ್ಡವಾಗುತ್ತಾರೆ, ಬೆನ್ನು ಗೂನಾಗುತ್ತದೆ. ನಾವು ಅದಕ್ಕೆ "ವಯಸ್ಸಾಯ್ತು" ಎಂದುಬಿಡುತ್ತೇವೆ.

ಎಲ್ಲಕ್ಕಿಂತ ಕಷ್ಟದ್ದು ಸೊಂಟದ ಮುರಿತ. ಅದಕ್ಕೆ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೇ ಬೇಕು. ಹಾಸಿಗೆ ಹಿಡಿದರೆ ನ್ಯುಮೋನಿಯಾ, ಬೆನ್ನುಹುಣ್ಣು, ರಕ್ತ ಹೆಪ್ಪುಗಟ್ಟುವುದು ಹಿಂದೆಯೇ ಬರಬಹುದು. ಸೊಂಟ ಮುರಿದ ಹಿರಿಯರಲ್ಲಿ ಸುಮಾರು 5 ಮಂದಿಯಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಅನೇಕರು ಮೊದಲಿನಂತೆ ಒಬ್ಬರೇ ದೇವಸ್ಥಾನಕ್ಕೆ, ಸಂತೆಗೆ, ತೋಟಕ್ಕೆ ಹೋಗಲಾರರು. ಮನೆಯಲ್ಲಿ ಒಬ್ಬರು ಕೆಲಸ ಬಿಟ್ಟು ಜೊತೆಗಿರಬೇಕಾಗುತ್ತದೆ.

ಈಗ ಮುಖ್ಯವಾದ ಮಾತು. ಒಮ್ಮೆ ಹೀಗೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಸಾಧ್ಯತೆ ಸುಮಾರು ಎರಡು ಪಟ್ಟು. ಸೊಂಟ ಮುರಿದು ಆಸ್ಪತ್ರೆಗೆ ಬಂದವರನ್ನು ವಿಚಾರಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಮೊದಲೇ ಎಲ್ಲೋ ಒಂದು ಮೂಳೆ ಮುರಿದಿರುತ್ತದೆ. ಅಂದರೆ ಶರೀರ ಮೊದಲೇ ಎಚ್ಚರಿಸಿತ್ತು. ನಾವು ಪ್ಲಾಸ್ಟರ್ ಹಾಕಿ ಅದರ ಬಾಯಿ ಮುಚ್ಚಿಸಿದೆವು.

ಗ್ಲ್ಯಾಸ್ಗೊ ನಗರದಲ್ಲಿ ಹೂಡಿದ ಉಪಾಯ

ಇದು ನಮ್ಮ ದೇಶದ ಸಮಸ್ಯೆ ಮಾತ್ರ ಅಲ್ಲ. ಮೂಳೆ ಜೋಡಿಸುವ ವೈದ್ಯರು "ನನ್ನ ಕೆಲಸ ಜೋಡಿಸುವುದು" ಎಂದುಕೊಳ್ಳುತ್ತಾರೆ. ಮನೆ ಹತ್ತಿರದ ಡಾಕ್ಟರು "ದೊಡ್ಡ ಆಸ್ಪತ್ರೆಯಲ್ಲಿ ನೋಡಿದ್ದಾರಲ್ಲ" ಎಂದುಕೊಳ್ಳುತ್ತಾರೆ. ಇಬ್ಬರ ನಡುವೆ ಅಜ್ಜಿಯ ಮೂಳೆ ಅನಾಥ.

ಸ್ಕಾಟ್ಲೆಂಡಿನ ಗ್ಲ್ಯಾಸ್ಗೊ ನಗರದ ವೈದ್ಯರು 1999ರಲ್ಲಿ ಇದಕ್ಕೊಂದು ಸರಳ ದಾರಿ ಹುಡುಕಿದರು. 50 ದಾಟಿದ ಯಾರೇ ಮೂಳೆ ಮುರಿದುಕೊಂಡು ಬಂದರೂ ಅವರನ್ನು ಗುರುತಿಸಿ ವಿಚಾರಿಸುವ ಹೊಣೆಯನ್ನು ತರಬೇತಿ ಪಡೆದ ನರ್ಸ್‌ಗಳಿಗೆ ವಹಿಸಿದರು. ಆ ನರ್ಸ್ ಮೂಳೆಯ ಸಾಂದ್ರತೆಯ ತಪಾಸಣೆ ಮಾಡಿಸುತ್ತಾರೆ, ಬೀಳುವ ಅಪಾಯವನ್ನು ವಿಚಾರಿಸುತ್ತಾರೆ, ಔಷಧ ಬೇಕಾದರೆ ಆ ರೋಗಿಯ ಊರಿನ ಡಾಕ್ಟರಿಗೆ ಬರೆದು ತಿಳಿಸುತ್ತಾರೆ. ಇದಕ್ಕೆ 'ಫ್ರ್ಯಾಕ್ಚರ್ ಲಿಯೇಸನ್ ಸರ್ವಿಸ್' ಎಂದು ಹೆಸರು. ಮುರಿತದ ವಾರ್ಡಿಗೂ ಮನೆ ಡಾಕ್ಟರಿಗೂ ಹಾಕಿದ ಸೇತುವೆ ಅನ್ನಬಹುದು. 8 ವರ್ಷದ ಅನುಭವದ ಮೇಲೆ ಅಲ್ಲಿನವರು ಲೆಕ್ಕ ಹಾಕಿದಾಗ, ಹೀಗೆ ನೋಡಿಕೊಂಡ ಪ್ರತಿ 1000 ಜನರಲ್ಲಿ 18 ಮುರಿತಗಳು ತಪ್ಪುತ್ತವೆ, ಅದರಲ್ಲಿ 11 ಸೊಂಟದ ಮುರಿತಗಳು ಎಂದು ತಿಳಿಯಿತು. ಖರ್ಚಿಗಿಂತ ಉಳಿತಾಯವೇ ಹೆಚ್ಚಾಗಿತ್ತು. ಈಗ ಈ ಪದ್ಧತಿ ಅನೇಕ ದೇಶಗಳಲ್ಲಿದೆ.

ಇನ್ನೊಂದು ಪ್ರಯೋಗ ನಡೆದದ್ದು ಇಂಗ್ಲೆಂಡಿನ ಸಾಮಾನ್ಯ ಡಾಕ್ಟರುಗಳ ಕ್ಲಿನಿಕ್‌ಗಳ ಮೂಲಕ. 70ರಿಂದ 85 ವಯಸ್ಸಿನ 12,483 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನವರಿಗೆ ಪ್ರಶ್ನೆಪತ್ರಿಕೆಯ ಮೂಲಕ ಅಪಾಯದ ಲೆಕ್ಕ ಹಾಕಿ, ಹೆಚ್ಚು ಅಪಾಯ ಕಂಡವರಿಗೆ ಸ್ಕ್ಯಾನ್ ಮಾಡಿಸಿ, ಅವರವರ ಡಾಕ್ಟರಿಗೆ ತಿಳಿಸಿದರು. 5 ವರ್ಷದ ನಂತರ ಎಣಿಸಿದಾಗ ಎಂದಿನ ಆರೈಕೆಯ ಗುಂಪಿನಲ್ಲಿ 218 ಹೆಂಗಸರ ಸೊಂಟ ಮುರಿದಿತ್ತು, ಪ್ರಶ್ನೆ ಕೇಳಿದ ಗುಂಪಿನಲ್ಲಿ 164. ಎಲ್ಲ ಬಗೆಯ ಮುರಿತಗಳನ್ನೂ ಕೂಡಿಸಿದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಅತ್ಯಂತ ಅಪಾಯದ ಸೊಂಟದ ಮುರಿತ ಕಡಿಮೆಯಾಯಿತು. 54 ಅಜ್ಜಿಯರ ಸೊಂಟ ಉಳಿದದ್ದು ಸಣ್ಣ ವಿಷಯವೇ?

ನಮ್ಮ ಡಾಕ್ಟರ ಬಳಿ ಕೇಳಬೇಕಾದ್ದು

ಆ ಪ್ರಶ್ನೆಪತ್ರಿಕೆಯ ಲೆಕ್ಕದ ಹೆಸರು 'ಫ್ರ್ಯಾಕ್ಸ್'. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ತಯಾರಾಗಿ 2008ರಲ್ಲಿ ಬಳಕೆಗೆ ಬಂತು. ಭಾರತದವರಿಗೂ ಇದರಲ್ಲಿ ಪ್ರತ್ಯೇಕ ಲೆಕ್ಕ ಇದೆ. ವಯಸ್ಸು, ತೂಕ, ಎತ್ತರ ಎಷ್ಟು? ಹಿಂದೆ ಮೂಳೆ ಮುರಿದಿತ್ತೇ? ತಂದೆ ಅಥವಾ ತಾಯಿಯ ಸೊಂಟ ಮುರಿದಿತ್ತೇ? ಬೀಡಿ-ಸಿಗರೇಟು, ಮದ್ಯದ ಅಭ್ಯಾಸ ಉಂಟೇ? ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದೀರಾ? ಸಂಧಿವಾತ ಇದೆಯೇ? ಹೀಗೆ ಹತ್ತು-ಹನ್ನೆರಡು ಪ್ರಶ್ನೆಗಳು. ಉತ್ತರ ತುಂಬಿಸಿದರೆ ಮುಂದಿನ 10 ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಶೇಕಡಾ ಎಷ್ಟು ಎಂದು ಅದು ಹೇಳುತ್ತದೆ. ಸ್ಕ್ಯಾನ್ ಯಂತ್ರ ಇಲ್ಲದ ಊರಿನಲ್ಲೂ ಡಾಕ್ಟರು ಇದನ್ನು ಮೊಬೈಲಿನಲ್ಲೇ ಮಾಡಬಹುದು.

ಅಪಾಯ ಹೆಚ್ಚು ಕಂಡರೆ ಡೆಕ್ಸಾ ಸ್ಕ್ಯಾನ್‌ಗೆ ಕಳಿಸುತ್ತಾರೆ. ಚುಚ್ಚುವುದಿಲ್ಲ, ನೋಯುವುದಿಲ್ಲ. ಕೆಲವು ನಿಮಿಷ ಅಲುಗದೆ ಮಲಗಬೇಕು. ಅತಿ ಕಡಿಮೆ ಪ್ರಮಾಣದ ಎಕ್ಸ್‌ರೇ ಕಿರಣಗಳಿಂದ ಮೂಳೆಯ ಸಾಂದ್ರತೆ ಅಳೆಯುತ್ತಾರೆ. ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕಕ್ಕೆ ಟಿ-ಸ್ಕೋರ್ ಎನ್ನುತ್ತಾರೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆದಿದೆ. ಜೊತೆಗೆ ಥೈರಾಯ್ಡ್, ಮೂತ್ರಪಿಂಡ, ವಿಟಮಿನ್ ಡಿ ಮುಂತಾದ ರಕ್ತಪರೀಕ್ಷೆ ಬೇಕಾಗಬಹುದು. ಬೇರೆ ಕಾಯಿಲೆ ಮೂಳೆಯನ್ನು ತಿನ್ನುತ್ತಿದ್ದರೆ ಮೊದಲು ಅದನ್ನು ಹಿಡಿಯಬೇಕಲ್ಲ!

ನಮ್ಮ ಹಳ್ಳಿ-ಪಟ್ಟಣಗಳಲ್ಲಿ 30 ದಾಟಿದವರ ರಕ್ತದೊತ್ತಡ, ಸಕ್ಕರೆ ವಿಚಾರಿಸಲು ಆಶಾ ಕಾರ್ಯಕರ್ತೆಯರು ಒಂದು ಫಾರ್ಮ್ ತುಂಬಿಸುತ್ತಾರೆ. ಅದರಲ್ಲಿ 60 ದಾಟಿದವರಿಗೆಂದೇ ಒಂದು ಪ್ರಶ್ನೆ ಇದೆ: ನಿಲ್ಲುವಾಗ, ನಡೆಯುವಾಗ ತೂರಾಡುವಂತೆ ಆಗುತ್ತದೆಯೇ? ಹಿರಿಯರು ಸಂಕೋಚಪಟ್ಟು "ಇಲ್ಲಮ್ಮ, ಚೆನ್ನಾಗಿದ್ದೇನೆ" ಎಂದುಬಿಡುತ್ತಾರೆ. ಹಾಗೆ ಮಾಡಬೇಡಿ. ನಿಜ ಹೇಳಿ. ಹೋದ ವರ್ಷ ಬಿದ್ದಿದ್ದರೆ, ಕೈ ಮುರಿದಿದ್ದರೆ ಅದನ್ನೂ ಸೇರಿಸಿ ಹೇಳಿ. ಮುಂದಿನ ದಾರಿ ತೆರೆಯುವುದು ಆ ಒಂದು ಮಾತಿನಿಂದ.

ಮಾತ್ರೆಗೊಂದು ಶಿಸ್ತು

"ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದೇನಲ್ಲ, ಸಾಲದೇ?" ಎಂದು ಅನೇಕರು ಕೇಳುತ್ತಾರೆ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕು. ಅವು ಇಟ್ಟಿಗೆ, ಗಾರೆ ಇದ್ದಂತೆ. ಆದರೆ ಕೆಡವುವ ತಂಡ ಅತಿಯಾಗಿ ಓಡುತ್ತಿದ್ದರೆ ಅದಕ್ಕೆ ಲಗಾಮು ಹಾಕುವ ಔಷಧವೂ ಬೇಕಾಗುತ್ತದೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಜೋಲೆಡ್ರೊನಿಕ್ ಆಸಿಡ್ ಇಂಥವು. ಮುಟ್ಟು ನಿಂತ, ಆಸ್ಟಿಯೊಪೊರೋಸಿಸ್ ಇರುವ ಹೆಂಗಸರ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದಲ್ಲಿ, 3 ವರ್ಷ ಈ ಡ್ರಿಪ್ ಪಡೆದವರಲ್ಲಿ ಬೆನ್ನುಮೂಳೆಯ ಮುರಿತ ಶೇ. 70ರಷ್ಟು, ಸೊಂಟದ ಮುರಿತ ಶೇ. 41ರಷ್ಟು ಕಡಿಮೆಯಾಗಿತ್ತು.

ವಾರದ ಮಾತ್ರೆಗೆ ಕಟ್ಟುನಿಟ್ಟಿನ ನಿಯಮಗಳಿವೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಕಾಫಿ, ಹಾಲು ಕೂಡದು. ಆಮೇಲೆ ಕನಿಷ್ಠ ಅರ್ಧ ಗಂಟೆ ಏನೂ ತಿನ್ನುವಂತಿಲ್ಲ, ಮಲಗುವಂತಿಲ್ಲ. ಕುಳಿತಿರಬೇಕು ಅಥವಾ ಓಡಾಡಬೇಕು. ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡಬಹುದು, ಮೈಗೆ ಹತ್ತದೆಯೂ ಹೋಗಬಹುದು. ಮೂತ್ರಪಿಂಡದ ತೊಂದರೆ ಇರುವವರು, ಹಲ್ಲು ಕೀಳಿಸಬೇಕಾದವರು ಮೊದಲೇ ಡಾಕ್ಟರಿಗೆ ಹೇಳಬೇಕು. ಪಕ್ಕದ ಮನೆಯವರ ಮಾತ್ರೆಯನ್ನು ಎರವಲು ತರಬಾರದು. ನೋವು ಕಡಿಮೆಯಾಗುವ ಮಾತ್ರೆ ಇದಲ್ಲವಾದ್ದರಿಂದ "ಏನೂ ಗುಣ ಕಾಣಲಿಲ್ಲ" ಎಂದು ಅನೇಕರು ನಡುವೆಯೇ ಬಿಟ್ಟುಬಿಡುತ್ತಾರೆ. ಮೂಳೆ ಮುರಿಯದೆ ಇರುವುದೇ ಇದರ ಗುಣ. ಬಿಡುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಮೊಮ್ಮಕ್ಕಳೇ, ಈ ಕೆಲಸ ನೀವು ವಹಿಸಿಕೊಳ್ಳಬಹುದು. ವಾರದ ಒಂದು ದಿನ ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ಅರ್ಧ ಗಂಟೆ ಅಜ್ಜಿ ಮಲಗದಂತೆ ಕಥೆ ಹೇಳಿಸಿಕೊಳ್ಳಿ!

ಬೀಳದಿದ್ದರೆ ಮುರಿಯುವುದಿಲ್ಲ

ಈ ಭಾನುವಾರ ಮನೆಯ ಮಕ್ಕಳೆಲ್ಲ ಇನ್‌ಸ್ಪೆಕ್ಟರ್‌ಗಳಾಗಿ. ಕೈಯಲ್ಲಿ ನೋಟ್‌ಬುಕ್ಕು ಹಿಡಿದು ಇವನ್ನು ನೋಡಿ ಬರೆಯಿರಿ.

ಬಚ್ಚಲಿನ ನೆಲ ಒದ್ದೆಯಾದಾಗ ಜಾರುತ್ತದೆಯೇ? ಹಿಡಿದುಕೊಳ್ಳಲು ಕಂಬಿ ಇದೆಯೇ? ಅಂಗಳದಲ್ಲಿ, ಬಾವಿಕಟ್ಟೆಯ ಸುತ್ತ ಪಾಚಿ ಕಟ್ಟಿದೆಯೇ? ಬಾಗಿಲ ಬಳಿಯ ಮ್ಯಾಟು ಸರಿಯುತ್ತದೆಯೇ? ಎತ್ತರದ ಹೊಸ್ತಿಲು ಮಬ್ಬು ಬೆಳಕಿನಲ್ಲಿ ಕಾಣುತ್ತದೆಯೇ? ರಾತ್ರಿ ಹಾಸಿಗೆಯಿಂದ ಶೌಚಾಲಯದವರೆಗೆ ದೀಪ ಉಂಟೇ? ಅಜ್ಜನ ಚಪ್ಪಲಿಯ ಅಡಿ ಸವೆದಿದೆಯೇ? ಪಂಚೆ, ಸೀರೆ ಕಾಲಿಗೆ ತೊಡರುವಷ್ಟು ಉದ್ದವಾಗಿದೆಯೇ?

ಕೊನೆಯ ಪ್ರಶ್ನೆಯಲ್ಲಿ ಒಂದು ಗುಟ್ಟಿದೆ. ಮೊದಲು ಸರಿಯಾಗಿದ್ದ ಸೀರೆ ಈಗ ನೆಲ ಗುಡಿಸುತ್ತಿದ್ದರೆ ಉದ್ದವಾದದ್ದು ಸೀರೆಯಲ್ಲ, ಗಿಡ್ಡವಾದದ್ದು ಅಜ್ಜಿ! ಮೊದಲು ಕೈಗೆ ಎಟುಕುತ್ತಿದ್ದ ಅಡುಗೆಮನೆಯ ಮೇಲಿನ ತಟ್ಟೆ ಈಗ ಎಟುಕದಿದ್ದರೂ ಅಷ್ಟೇ. ನಿಮ್ಮ ಎತ್ತರ ಗುರುತಿಸುವ ಗೋಡೆಯ ಮೇಲೆ ಅಜ್ಜ-ಅಜ್ಜಿಯ ಎತ್ತರವನ್ನೂ ವರ್ಷಕ್ಕೊಮ್ಮೆ ಗುರುತಿಸಿ. ಪ್ರಾಯದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಹೆಚ್ಚು ಕಡಿಮೆಯಾಗಿದ್ದರೆ ಡಾಕ್ಟರಿಗೆ ಹೇಳಬೇಕು.

ಕಣ್ಣಿನ ಪೊರೆಗೆ ಚಿಕಿತ್ಸೆ ಮಾಡಿಸುವುದು, ನಿದ್ದೆಮಾತ್ರೆ, ಬಿ.ಪಿ. ಮಾತ್ರೆಗಳಿಂದ ತಲೆ ಸುತ್ತುತ್ತದೆಯೇ ಎಂದು ವಿಚಾರಿಸುವುದು ಕೂಡ ಮೂಳೆಯ ರಕ್ಷಣೆಯೇ. ನಡಿಗೆ ಒಳ್ಳೆಯದು. ಅದರ ಜೊತೆ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಯ ಪಕ್ಕ ನಿಂತು ಒಂಟಿ ಕಾಲಿನ ಸಮತೋಲ ಅಭ್ಯಾಸ ಮಾಡುವುದು ಕಾಲಿಗೆ ಬಲ ಕೊಡುತ್ತದೆ. ಮೊದಲ ದಿನಗಳಲ್ಲಿ ಯಾರಾದರೂ ಪಕ್ಕದಲ್ಲಿರಲಿ.

ಮೂಳೆಯ ಬ್ಯಾಂಕಿನಲ್ಲಿ ಮಕ್ಕಳ ಠೇವಣಿ

ಇಷ್ಟು ಹೊತ್ತು ಅಜ್ಜ-ಅಜ್ಜಿಯರ ಮಾತಾಯಿತು. ಆದರೆ ಈ ಕಾಯಿಲೆಯನ್ನು ತಡೆಯಲು ಅತಿ ಒಳ್ಳೆಯ ಕಾಲ ಯಾವುದು ಗೊತ್ತೇ? ನಿಮ್ಮ ಶಾಲೆಯ ದಿನಗಳು! ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ಈ ಉಳಿತಾಯದ ಬಹುಭಾಗ ಸುಮಾರು 20 ವರ್ಷದೊಳಗೆ ಜಮೆಯಾಗಿಬಿಡುತ್ತದೆ. ಆಮೇಲೆ ಬಾಳಿಡೀ ಅದರಿಂದಲೇ ತೆಗೆದು ಖರ್ಚು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ., ಮುಟ್ಟು ನಿಂತ ಹೆಂಗಸರಿಗೆ 1200 ಮಿ.ಗ್ರಾಂ., 10ರಿಂದ 18ರ ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ 850ರಿಂದ 1050 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ಲೆಕ್ಕ ಹಾಕೋಣವೇ? 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 350. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240. ಒಂದು ಬಟ್ಟಲು ಮೊಸರಿನಲ್ಲಿ ಸುಮಾರು 200. ಎರಡು ಚಮಚ ಎಳ್ಳಿನ ಚಟ್ನಿಪುಡಿಯಲ್ಲಿ ನೂರರ ಹತ್ತಿರ. ಜೊತೆಗೆ ನುಗ್ಗೆಸೊಪ್ಪಿನ ಪಲ್ಯ ಇದ್ದರೆ ಬಹುಮಟ್ಟಿಗೆ ಲೆಕ್ಕ ಭರ್ತಿ! ರಾಗಿಯನ್ನು ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ ಅದರ ಕ್ಯಾಲ್ಸಿಯಂ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ತಿಂದದ್ದು ಮೂಳೆ ಸೇರಲು ವಿಟಮಿನ್ ಡಿ ಬೇಕು. ಅದನ್ನು ಚರ್ಮ ಬಿಸಿಲಿನಿಂದ ತಯಾರಿಸುತ್ತದೆ. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಆಗದು, ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಇನ್ನು ಮೂಳೆಗೆ ಕೆಲಸವೂ ಬೇಕು. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಕರಗುತ್ತದೆ. ಅದಕ್ಕೇ ಅವರು ಅಲ್ಲಿ ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮಕ್ಕೆ ಮೀಸಲಿಡುತ್ತಾರೆ. ನಿಮಗೆ ಅಂಥ ಯಂತ್ರ ಬೇಡ. ಕುಂಟೆಬಿಲ್ಲೆ, ಹಗ್ಗದಾಟ, ಕೊಕ್ಕೊ, ಕಬಡ್ಡಿ ಸಾಕು. ಮೊಬೈಲು ಹಿಡಿದು ಕುಳಿತರೆ ಮಾತ್ರ ಠೇವಣಿ ಬೆಳೆಯದು.

ಕತ್ತರಿಸಿ ಇಟ್ಟುಕೊಳ್ಳಿ: ಡಾಕ್ಟರ ಬಳಿ ಹೇಳಬೇಕಾದ 5 ಮಾತು

1. 50 ದಾಟಿದ ಮೇಲೆ ಸಣ್ಣದಾಗಿ ಬಿದ್ದು ಯಾವ ಮೂಳೆ ಮುರಿದಿದೆ, ಯಾವ ವರ್ಷ.

2. ಕಳೆದ 12 ತಿಂಗಳಲ್ಲಿ ಎಷ್ಟು ಸಲ ಬಿದ್ದಿದ್ದೀರಿ. ಪೆಟ್ಟಾಗದಿದ್ದರೂ ಹೇಳಿ.

3. ಎತ್ತರ ಕಡಿಮೆಯಾಗಿದೆಯೇ, ಬೆನ್ನು ಬಾಗಿದೆಯೇ.

4. ತಂದೆ ಅಥವಾ ತಾಯಿಗೆ ಸೊಂಟ ಮುರಿದಿತ್ತೇ.

5. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು. ಉಬ್ಬಸಕ್ಕೆ, ಕೀಲುನೋವಿಗೆ ತಿಂಗಳುಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡ್ ಇದ್ದರೆ ಅದನ್ನು ಮರೆಯದೆ ಹೇಳಿ. ಪಟ್ಟಿ ಗೊತ್ತಿಲ್ಲದಿದ್ದರೆ ಮಾತ್ರೆಗಳ ಚೀಲವನ್ನೇ ಒಯ್ಯಿರಿ.

ಇಷ್ಟು ಹೇಳಿದ ಮೇಲೆ "ನನ್ನ ಮೂಳೆಯ ತಪಾಸಣೆ ಬೇಕೇ?" ಎಂದು ಬಾಯಿಬಿಟ್ಟು ಕೇಳಿ. ಅಜ್ಜಿ ಸಂಕೋಚಪಟ್ಟರೆ, ಜೊತೆಗೆ ಹೋದ ಮೊಮ್ಮಗಳೇ ಕೇಳಬಹುದು.